ಒಣಗಿದಂತೆ ಕಂಡ ಬಂಡೆ

ಫೆಬ್ರವರಿ 2

ಅಕ್ಕಾ,

ಎಲ್ಲರೂ ಬದುಕಿದ್ದೇವೆ ಎಂಬುದನ್ನು ಬಿಟ್ಟರೆ ಇಲ್ಲಿಂದ ಬರೆಯುವಂಥದ್ದೇನೂ ಇಲ್ಲ. ಬಂಡೆಗೆ ಕೈ ಹಚ್ಚಿ ಹನ್ನೊಂದು ದಿನವಾಯಿತು. ಬಂಡೆ ಹತ್ತಲು ಕಲಿಸುವವನು ಹತ್ತದೆ ಕೂತರೆ ಏನು ಮಾಡುತ್ತಾನೆ ಹೇಳು? ಹಗ್ಗ ತೊಳೆಯುತ್ತಾನೆ, ಒಣಗಹಾಕುತ್ತಾನೆ, ಸುತ್ತಿಡುತ್ತಾನೆ, ಮತ್ತೆ ಬಿಚ್ಚಿ ಬೆರಳಾಡಿಸಿ ನೋಡುತ್ತಾನೆ. ಶಿಬಿರದ ಯಜಮಾನರಿಗೆ ನನ್ನನ್ನು ಕಂಡರೇ ಆಗದ ಹಾಗಾಗಿದೆ. ಬೆಳಿಗ್ಗೆ ಎದುರು ಸಿಕ್ಕರೆ, "ಏನಪ್ಪಾ ಬೇಡಪ್ಪ, ಇವತ್ತೂ ಬೇಡವೋ?" ಎನ್ನುತ್ತಾರೆ. ಅಡುಗೆಯವರೂ ಈಗ ನನ್ನನ್ನು ಬೇಡಪ್ಪ ಎಂದೇ ಕರೆಯುತ್ತಾರೆ.

ಮೊದಲ ನಾಲ್ಕು ದಿನ ಮಂಜು. ಮಂಜು ಬಿದ್ದರೆ ಬಂಡೆ ಬೆವರುತ್ತದೆ. ಬೆರಳಿಟ್ಟರೆ ಸಾಬೂನು ಮುಟ್ಟಿದ ಹಾಗೆ. ಆಮೇಲೆ ಎರಡು ದಿನ ಬಿಸಿಲೇನೋ ಬಂತು, ಜೊತೆಗೆ ಗಾಳಿಯೂ ಬಂತು. ಮೇಲಿನಿಂದ ಕೂಗಿದ್ದು ಕೆಳಗೆ ಹಗ್ಗ ಹಿಡಿದವನಿಗೆ ಕೇಳಿಸದಂಥ ಗಾಳಿ. ಅದು ನಿಂತಿತು ಎನ್ನುವಾಗ ತುಂತುರು. ಕಗ್ಗಲ್ಲಾದರೆ ಒಂದು ಮಧ್ಯಾಹ್ನದ ಬಿಸಿಲು ಸಾಕು. ನಮ್ಮದು ಮರಳುಗಲ್ಲು, ಸ್ಪಂಜಿನ ಹಾಗೆ ಕುಡಿದು ಕೂರುತ್ತದೆ. ಮೇಲಿನ ಪದರ ಎರಡು ಗಂಟೆಗೆ ಒಣಗಿ ಕೆಂಪಗೆ ನಗುತ್ತಿರುತ್ತದೆ, ಒಳಗೆ ಇನ್ನೂ ಹಸಿ. ಹಾಗಿರುವಾಗ ಜೋತುಬಿದ್ದರೆ ಕಲ್ಲೇ ಕಿತ್ತು ಕೈಗೆ ಬರುತ್ತದೆ. ಎರಡು ಮೂರು ದಿನ ಕಾಯಲೇಬೇಕು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಹನ್ನೆರಡನೇ ತಾರೀಕು ಐದು ಜನರ ತಂಡ ಬರುತ್ತಿದೆ. ಅವರಲ್ಲಿ ಒಬ್ಬರು ಶಾಲೆಯ ಟೀಚರು, ನಾಲ್ಕು ವರ್ಷದಿಂದ ನನ್ನ ಹತ್ತಿರ ಕಲಿಯುತ್ತಿರುವವರು. ಈ ಸಲ ತಾವೇ ಮೊದಲಿಗರಾಗಿ ಹಗ್ಗ ಒಯ್ದು ಹತ್ತಬೇಕೆಂದು ಆಸೆ ಇಟ್ಟುಕೊಂಡು ಬರುತ್ತಿದ್ದಾರೆ. ನಿನ್ನ ಮಳೆಮಾಪಕ ಬೆಟ್ಟದ ಆ ಮಗ್ಗುಲಲ್ಲಿದ್ದರೂ ನಮ್ಮ ಶಿಬಿರಕ್ಕಿಂತ ಅದೇ ಬಂಡೆಗೆ ಹತ್ತಿರ. ಶಿಬಿರದಲ್ಲಿ ಒಂದು ಹನಿ ಬೀಳದೆ ಮೇಲೆ ಬಂಡೆ ನೆನೆದು ತೊಪ್ಪೆಯಾದದ್ದಿದೆ. ನೀನು ಬೆಳಿಗ್ಗೆ ಹವಾಮಾನ ಕಚೇರಿಗೆ ಒಪ್ಪಿಸುವ ಅಂಕಿಯನ್ನು ಅಲ್ಲಿಂದ ಕೇಳಿಕೊಂಡೇ ನಾನು ಜನರನ್ನು ಹೊರಡಿಸುವುದು. ಮುಂದಿನ ವಾರ ಹೇಗಿರಬಹುದೆಂದು ನಿನಗನ್ನಿಸುತ್ತದೆ, ಬರೆ.

ನಿನ್ನ ಹಲ್ಲಿ

ಫೆಬ್ರವರಿ 8

ಹಲ್ಲೀ,

ನಿನ್ನ ಕಾಗದ ಬರಲು ನಾಲ್ಕು ದಿನ ಹಿಡಿಯಿತು. ಬೆಟ್ಟವೊಂದು ಅಡ್ಡ ಇಲ್ಲದಿದ್ದರೆ ನೀನು ಅಲ್ಲಿಂದ ಕೂಗಿದರೂ ಕೇಳಿಸುತ್ತಿತ್ತೇನೋ. ಬಸ್ಸಿನಲ್ಲಿ ಸುತ್ತಿ ಬರಬೇಕೆಂದರೆ ಇಡೀ ಹಗಲು. ಕೇಂದ್ರದ ಫೋನಿನಲ್ಲಿ ಸ್ವಂತ ಮಾತಾಡಿದರೆ ಮೇಲಿನವರು ವಿವರಣೆ ಕೇಳುತ್ತಾರೆ, ಆದ್ದರಿಂದ ಈ ಅಂಚೆಯವನೇ ಗತಿ.

ಹನ್ನೊಂದರಿಂದ ನಾಲ್ಕು ದಿನ ಒಣಹವೆ ಇರಬಹುದು. ಹದಿನೈದರ ಹೊತ್ತಿಗೆ ಮೋಡ ಕಟ್ಟುವ ಲಕ್ಷಣವಿದೆ. ಕಟ್ಟಿದ್ದು ಸುರಿಯುತ್ತದೋ ಹಾಗೇ ದಾಟಿಹೋಗುತ್ತದೋ ನನಗೂ ಗೊತ್ತಿಲ್ಲ, ಕಚೇರಿಯ ದೊಡ್ಡ ನಕ್ಷೆಗೂ ಗೊತ್ತಿಲ್ಲ. ಬಿಸಿಲು ಕಂಡ ಕೂಡಲೇ ಓಡಬೇಡ.

ನನ್ನದು ಇದ್ದದ್ದೇ. ಜೊತೆಯವನು ವರ್ಗವಾಗಿ ಎಂಟು ತಿಂಗಳಾಯಿತು, ಅವನ ಜಾಗಕ್ಕೆ ಯಾರೂ ಬಂದಿಲ್ಲ. ಮೂರು ಮೂರು ಗಂಟೆಗೊಮ್ಮೆ ತಾಪಮಾನ, ತೇವಾಂಶ, ಗಾಳಿ, ಬೆಳಿಗ್ಗೆ ಮಳೆ, ಎಲ್ಲ ಒಬ್ಬಳೇ. ಗಾಳಿಮಾಪಕದ ಏಣಿ ಹತ್ತಿ ಇಳಿದು ಮಂಡಿ ಕಿರ್ರ್ ಎನ್ನುತ್ತದೆ. ಫೋನಿನಲ್ಲಿ ಕೇಳಿದರೆ ಸಾಹೇಬರು, "ಮುಂದಿನ ತಿಂಗಳು ನೋಡೋಣಮ್ಮ" ಎನ್ನುತ್ತಾರೆ. ಆ ಮುಂದಿನ ತಿಂಗಳು ಎಂಟು ಸಲ ಬಂದು ಹೋಯಿತು.

ಸ್ವಲ್ಪ ನೆಗಡಿ, ಅಷ್ಟೆ. ಗಾಬರಿಯಾಗುವಂಥದ್ದೇನಿಲ್ಲ.

ನಿನ್ನ ಅಕ್ಕ

ಫೆಬ್ರವರಿ 20

ಅಕ್ಕಾ,

ಸುದ್ದಿ ನಿನಗೆ ಇಷ್ಟರಲ್ಲೇ ಮುಟ್ಟಿರಬಹುದು. ಹದಿನಾರನೇ ತಾರೀಕು ಟೀಚರ್ ಬಿದ್ದರು. ಜೀವಕ್ಕೆ ಅಪಾಯವಿಲ್ಲ. ಸೊಂಟದ ಮೂಳೆ, ಎಡಗಾಲಿನ ಹಿಮ್ಮಡಿ. ನಾಲ್ಕು ಜನ ಹೊತ್ತು ಇಳಿಸಿದೆವು. ಈ ಕಡೆ ಮೂಳೆ ಡಾಕ್ಟರಿಲ್ಲ, ಅವರ ಮನೆಯೂ ಅಲ್ಲೇ, ಆದ್ದರಿಂದ ನಿಮ್ಮ ಊರಿನ ಆಸ್ಪತ್ರೆಗೇ ಕಳಿಸಿದ್ದು.

ಬಂಡೆ ಒಣಗಿತ್ತು. ತಂಡ ಬಂದ ನಾಲ್ಕು ದಿನವೂ ಗಾಳಿ ಜೋರೆಂದು ಬೇಡ ಎಂದಿದ್ದೆ. ಹದಿನಾರರ ಬೆಳಿಗ್ಗೆ ಕಚೇರಿಗೆ ಫೋನು ಮಾಡಿದೆ. ಮಳೆ ಸೊನ್ನೆ ಎಂದರು. ನಿನ್ನದೇ ಅಂಕಿ. ಅದನ್ನು ಬರೆದುಕೊಂಡು ಒಂಬತ್ತಕ್ಕೆ ಹೊರಟೆವು. ಟೀಚರ್ ಅರ್ಧದವರೆಗೆ ಚೆನ್ನಾಗಿ ಹತ್ತಿದರು. ಆಮೇಲೆ ನಾನು ತೋರಿಸಿದ ದಾರಿ ಬಿಟ್ಟು ಎಡಕ್ಕೆ ಸರಿದು ಸಡಿಲ ಕಲ್ಲು ಹಿಡಿದರು. ಅದು ಕಿತ್ತು ಬಂತು. ಹಗ್ಗ ಹಾಯಿಸಿ ಬಿರುಕಿನಲ್ಲಿ ಸಿಕ್ಕಿಸಿದ್ದ ಕೊಕ್ಕೆಯೂ ಅವರ ಭಾರಕ್ಕೆ ಕಳಚಿಕೊಂಡಿತು. ಯಜಮಾನರು ಹೀಗೆಂದು ವರದಿ ಬರೆದರು, ನಾನು ಸಹಿ ಹಾಕಿದೆ. ಹತ್ತುವವರ ಸಂಘದವರು ವಿಚಾರಣೆ ಮಾಡುತ್ತಾರಂತೆ.

ಅವರ ಚೀಲವೊಂದು ಇಲ್ಲೇ ಉಳಿದಿತ್ತು, ಬಸ್ಸಿನವರ ಕೈಯಲ್ಲಿ ನಿನಗೆ ಕಳಿಸಿದ್ದೇನೆ. ಆಸ್ಪತ್ರೆಗೆ ತಲುಪಿಸು. ನಾನೇ ಬರಬೇಕಿತ್ತು. ಇಲ್ಲಿ ಬಿಡುವಾಗುತ್ತಿಲ್ಲ.

ಹಲ್ಲಿ

ಫೆಬ್ರವರಿ 27

ಹಲ್ಲೀ,

ಚೀಲ ಕೊಟ್ಟು ಬಂದೆ. ಬಾಗಿಲಲ್ಲಿ ಕೊಟ್ಟು ಹೊರಡೋಣ ಎಂದುಕೊಂಡಿದ್ದೆ. ನಿನ್ನ ಅಕ್ಕ ಎಂದು ಗೊತ್ತಾದ ಮೇಲೆ ಅವರು ಬಿಡಲಿಲ್ಲ, ಕೂರಿಸಿಕೊಂಡರು.

ಕಾಲನ್ನು ತೂಗುಹಾಕಿದ್ದಾರೆ. ಮುಖ ಮೇಣದ ಬಣ್ಣ. ಕೈಗಳು ಮಾತ್ರ ಹತ್ತುವವರ ಕೈಗಳೇ, ನಿನ್ನವುಗಳ ಹಾಗೆ ಬೆರಳ ತುದಿ ಒರಟಾದವು. ಮಾತಾಡುವಾಗ ಆ ಕೈಗಳನ್ನು ಹೊದಿಕೆಯ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು.

"ನಿಮ್ಮ ತಮ್ಮ ಹೇಗಿದ್ದಾರೆ?" ಎಂದು ಮೊದಲು ಕೇಳಿದ್ದೇ ಅವರು. "ತುಂಬಾ ನೊಂದ್ಕೊಂಡಿರ್ತಾರೆ. ಅವರದ್ದೇನೂ ತಪ್ಪಿಲ್ಲ ಅಂತ ಹೇಳಿ."

ನಾನು ಹೂಂ ಎಂದೆ.

"ನನಗೆ ನೆನಪಿರೋದು ಬೇರೆ ಥರ," ಎಂದರು ಆಮೇಲೆ. "ಅವರು ತೋರಿಸಿದ್ದನ್ನೇ ಹಿಡಿದ ಹಾಗೆ ನೆನಪು. ಎರಡು ಸಲ ತಟ್ಟಿ ನೋಡಿದೆ, ಸದ್ದೂ ಸರಿಯಾಗೇ ಇತ್ತು. ಆದ್ರೆ ಎಡಕ್ಕೆ ಸರಿದೆ ಅಂತ ಎಲ್ಲರೂ ಬರೆದಿದ್ದಾರಲ್ಲ. ಅಷ್ಟು ಜನ ಸುಳ್ಳು ಹೇಳ್ತಾರಾ? ನಾನೇ ಸರಿದಿರಬೇಕು. ನನ್ನ ಕೈನೇ ನಾನು ನಂಬೋ ಹಾಗಿಲ್ಲ ಈಗ."

ಅವರ ಗಂಡ ಅಲ್ಲೇ ಇದ್ದರು. ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಬಿಟ್ಟುಕೊಟ್ಟರು. "ಇಷ್ಟು ದಿನ ಇವಳ ಮಾತು ಕೇಳಿದ್ದು ಸಾಕು. ಇನ್ನು ಬಂಡೆ ಗಿಂಡೆ ಅಂದ್ರೆ ನೋಡಿ," ಎಂದು ನಕ್ಕರು. ಟೀಚರ್ ನಗಲಿಲ್ಲ. ಮೊದಲಿನ ಹಾಗೆ ನಡೆಯಲು ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಅದನ್ನು ಹೊರಗೆ ಬಂದ ಮೇಲೆ ಗಂಡ ಹೇಳಿದ್ದು.

ಒಂದು ಮಾತು ಕೇಳುತ್ತೇನೆ. ಹದಿನೈದರ ಸಂಜೆಯಿಂದ ಹದಿನಾರರ ಬೆಳಗಿನವರೆಗೆ ನಿಮ್ಮ ಕಡೆ ಮಳೆ ಏನಾದರೂ ಬಂದಿತ್ತಾ? ಬಂಡೆಯ ಹತ್ತಿರ ಹೋದಾಗ ಹಾಗೇನಾದರೂ ಅನ್ನಿಸಿತಾ? ಸುಮ್ಮನೆ ಕೇಳಿದೆ.

ಅಕ್ಕ

ಮಾರ್ಚ್ 4

ಅಕ್ಕಾ,

ಟೀಚರನ್ನು ನೋಡಿ ಬಂದದ್ದಕ್ಕೆ ಉಪಕಾರವಾಯಿತು.

ಶಿಬಿರದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲೆ ಬಿದ್ದಿದ್ದರೆ ನಿನ್ನ ಮಾಪಕಕ್ಕೇ ಗೊತ್ತಾಗುತ್ತಿತ್ತಲ್ಲ, ನನ್ನನ್ನೇಕೆ ಕೇಳುತ್ತೀ? ಬಂಡೆ ಒಣಗಿತ್ತು ಎಂದು ಬರೆದಿದ್ದೇನೆ. ಇನ್ನೊಂದು ಸಲ ಬರೆಯಲೋ? ಎಲ್ಲರೂ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದಾರೆ. ನೀನೂ ಶುರು ಮಾಡಬೇಡ.

ಸಂಘದವರ ವಿಚಾರಣೆ ಹದಿನಾರಕ್ಕೆ. ನಿನ್ನ ರಿಜಿಸ್ಟರಿನ ನಕಲು ತರಿಸಿಕೊಳ್ಳುತ್ತಾರಂತೆ. ಅದರಲ್ಲಿ ಸೊನ್ನೆ ಇದ್ದರೆ ಅಲ್ಲಿಗೆ ಮುಗಿಯಿತು.

ಇಲ್ಲಿ ಈಗ ಹವೆ ತುಂಬಾ ಚೆನ್ನಾಗಿದೆ. ತಂಪು, ಒಣಗಾಳಿ, ಬೆರಳು ಬಂಡೆಗೆ ಅಂಟಿದ ಹಾಗೆ ಕೂರುತ್ತದೆ. ವರ್ಷಕ್ಕೆ ಇಂಥ ದಿನ ಹತ್ತು ಸಿಕ್ಕರೆ ಹೆಚ್ಚು. ಹತ್ತುವವರು ಯಾರೂ ಇಲ್ಲ.

ಹಲ್ಲಿ

ಮಾರ್ಚ್ 10

ಹಲ್ಲೀ,

ನಿನ್ನ ಕಾಗದದಲ್ಲಿ ಸಿಟ್ಟಿದೆ. ಅದಕ್ಕೆ ನಾನು ಅರ್ಹಳೇ. ಆದರೆ ನೀನು ಅಂದುಕೊಂಡ ಕಾರಣಕ್ಕಲ್ಲ. ನಿನ್ನನ್ನು ಅನುಮಾನಿಸಿ ಕೇಳಿದ್ದಲ್ಲ ನಾನು.

ಆ ಸೊನ್ನೆ ನಾನು ಅಳೆದದ್ದಲ್ಲ.

ನೆಗಡಿ ಎಂದು ಬರೆದಿದ್ದೆನಲ್ಲ, ಅದು ಜ್ವರವಾಗಿತ್ತು. ಆರು ದಿನ ಬಿಟ್ಟಿರಲಿಲ್ಲ. ರಜೆ ಕೇಳಿದರೆ ಬದಲಿಗೆ ಯಾರನ್ನು ಕಳಿಸಲಿ ಎಂದರು. ಹದಿನಾರರ ಬೆಳಿಗ್ಗೆ ಎಂಟೂವರೆಗೆ ಕಚೇರಿಯಿಂದ ಫೋನು ಬಂದಾಗ ನಾನಿನ್ನೂ ಹಾಸಿಗೆಯಲ್ಲಿದ್ದೆ. ಫೋನು ಹಾಸಿಗೆಯ ಪಕ್ಕದಲ್ಲೇ ಇದೆ, ಮಳೆಮಾಪಕ ಅಂಗಳದ ಆ ತುದಿಯಲ್ಲಿದೆ. ಎಪ್ಪತ್ತು ಹೆಜ್ಜೆ. ಕಿಟಕಿಯಲ್ಲಿ ನೋಡಿದೆ, ಆಕಾಶ ತೊಳೆದಿಟ್ಟ ಹಾಗಿತ್ತು. ತೊಳೆದದ್ದು ಯಾರು ಎಂದು ಯೋಚಿಸುವಷ್ಟೂ ತಲೆ ನೆಟ್ಟಗಿರಲಿಲ್ಲ. "ಮಳೆ?" ಎಂದು ಕಚೇರಿಯವನು ಕೇಳಿದ. "ಸೊನ್ನೆ" ಎಂದೆ. ಇಟ್ಟುಬಿಟ್ಟ.

ಮಧ್ಯಾಹ್ನ ಎರಡಕ್ಕೆ ಎದ್ದು ಹೋಗಿ ಮಾಪಕ ತೆಗೆದರೆ ಒಳಗೆ ನೀರು. ಅಳತೆ ಗಾಜಿಗೆ ಹಾಕಿದೆ. ಹನ್ನೊಂದು ಮಿಲಿಮೀಟರು. ಆಗಲೂ ತಿದ್ದಬಹುದಿತ್ತು. ತಿದ್ದುಪಡಿಯ ಫಾರ್ಮು ಮೇಜಿನ ಮೇಲೇ ಇತ್ತು. ಅದರಲ್ಲಿ ಕಾರಣ ಎಂದು ಒಂದು ಸಾಲಿದೆ. ಇಪ್ಪತ್ತಾರು ವರ್ಷದಲ್ಲಿ ಆ ಸಾಲನ್ನು ನಾನು ತುಂಬಿದವಳಲ್ಲ. ನೀರನ್ನು ಬೇಲಿಯ ಬುಡಕ್ಕೆ ಸುರಿದು ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ. ಆ ಹೊತ್ತಿಗೆ ಟೀಚರ್ ಆಗಲೇ ಬಿದ್ದಾಗಿತ್ತು. ನನಗೆ ಗೊತ್ತಿರಲಿಲ್ಲ.

ನೀನು ನನ್ನ ಮಾತು ನಂಬಿ ಐದು ಜನರನ್ನು ಕರೆದುಕೊಂಡು ಹೋದೆ. ಅವರ ಕೈ ಸರಿಯಾಗೇ ಇತ್ತು, ಕಲ್ಲು ನೆನೆದಿತ್ತು. ನೋಡುವುದಕ್ಕೆ ಒಣಗಿತ್ತು ಅಷ್ಟೆ. ನಿನಗೆ ತಿಳಿಯುವ ದಾರಿಯೇ ಇರಲಿಲ್ಲ, ಇದ್ದ ಒಂದು ದಾರಿಯನ್ನು ನಾನು ಮುಚ್ಚಿದೆ. ಆ ಹೆಂಗಸು ಕೈ ಬಚ್ಚಿಟ್ಟುಕೊಂಡು ಮಲಗಿದ್ದಾರೆ, ನನಗೆ ನೋಡಲಾಗಲಿಲ್ಲ.

ಇವತ್ತು ಬೆಳಿಗ್ಗೆ ಸಾಹೇಬರಿಗೂ ಸಂಘದವರಿಗೂ ಎಲ್ಲ ಬರೆದು ಹಾಕಿದ್ದೇನೆ. ನಿನ್ನ ಮೇಲೇನೂ ಬರುವುದಿಲ್ಲ. ಬೈಯುವುದಿದ್ದರೆ ಬೈದು ಬರೆ, ಸುಮ್ಮನಿರಬೇಡ.

ಅಕ್ಕ

ಮಾರ್ಚ್ 25

ಹಲ್ಲೀ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸಿಬಿಡುತ್ತಾನೆ. ನಿನಗೆ ಎಷ್ಟು ಕೋಪವಿದೆ ಎಂದು ಅರ್ಥವಾಗುತ್ತದೆ.

ಸಾಹೇಬರು ಇಬ್ಬರನ್ನು ಕರೆದುಕೊಂಡು ಬಂದಿದ್ದರು. ರಿಜಿಸ್ಟರಿಗೆ ಸೀಲು ಹಾಕಿ ತೆಗೆದುಕೊಂಡು ಹೋದರು. ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಕೇಂದ್ರದ ಮನೆ ಬಿಟ್ಟು ಊರೊಳಗೆ ಒಂದು ಕೋಣೆ ಹಿಡಿದಿದ್ದೇನೆ, ವಿಳಾಸ ಹಿಂದೆ ಬರೆದಿದೆ.

ಸಂಘದವರ ಉತ್ತರವೂ ಬಂತು. ನನ್ನ ಮಾಪಕದಲ್ಲಿ ನೀರಿದ್ದರೆ ಬಂಡೆ ನೆನೆದಿತ್ತೆಂದು ಹೇಗೆ ಹೇಳುವುದು, ನಡುವೆ ಬೆಟ್ಟವೇ ಇದೆ ಎನ್ನುತ್ತಾರೆ. ಸ್ಥಳದಲ್ಲಿದ್ದ ತರಬೇತುದಾರರು ಬಂಡೆ ಪೂರ್ತಿ ಒಣಗಿತ್ತೆಂದು ಹೇಳಿಕೆ ಕೊಟ್ಟಿದ್ದಾರೆ. ಆದ್ದರಿಂದ ತಪ್ಪು ಹತ್ತಿದವರದ್ದೇ ಎಂದು ತೀರ್ಮಾನ. ಟೀಚರಿಗೂ ನಕಲು ಹೋಗಿದೆ.

ನಿನ್ನ ಕಣ್ಣನ್ನು ನಾನು ನಂಬುತ್ತೇನೆ. ಕಲ್ಲಿನ ಮುಖ ನೋಡಿ ಅದರ ಹೊಟ್ಟೆಯಲ್ಲಿರುವುದನ್ನು ಹೇಳುವವನು ನೀನು. ನೀನು ಒಣಗಿತ್ತು ಎಂದರೆ ಒಣಗಿದ್ದಿರಬೇಕು. ಹಾಗಾದರೆ ನನ್ನ ಸೊನ್ನೆಯಿಂದ ಯಾರಿಗೂ ಏನೂ ಆಗಲಿಲ್ಲ. ಇದನ್ನು ಓದಿ ನನಗೆ ನಿದ್ದೆ ಬರಬೇಕಿತ್ತು.

ಅಕ್ಕ

ಏಪ್ರಿಲ್ 7

ಅಕ್ಕಾ,

ನಿನ್ನ ಎರಡು ಕಾಗದವೂ ಸರಿಯಾಗಿಯೇ ಬಂದಿದ್ದವು. ಅಂಚೆಯವನದೇನೂ ತಪ್ಪಿಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ಗಾಳಿ, ಬಿಸಿಲು, ಮೋಡ ಎಂದು ಅರ್ಧ ಹಾಳೆ ತುಂಬಿಸಿ ಹರಿದುಹಾಕಿದೆ. ಇವತ್ತು ಹವೆಯ ಸುದ್ದಿ ಬರೆಯುವುದಿಲ್ಲ.

ಬಂಡೆ ನೆನೆದಿತ್ತು. ನನಗೆ ಗೊತ್ತಿತ್ತು.

ಅವತ್ತು ಹನ್ನೊಂದಕ್ಕೆ ಬುಡ ಸೇರಿದೆವು. ಬಿಸಿಲು, ಗಾಳಿ, ಬಂಡೆಯ ಮುಖ ಕೆಂಪಗೆ ಒಣಗಿತ್ತು. ಉಳಿದವರು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ನಾನು ದಿನವೂ ಮಾಡುವ ಹಾಗೆ ಬುಡದ ಮಣ್ಣಿನಲ್ಲಿ ಬೆರಳಿಳಿಸಿ ನೋಡಿದೆ. ಬುಡದ ಮಣ್ಣು ಒಳಗೆ ಹಸಿ ಇದ್ದರೆ ಬಂಡೆಯೂ ಒಳಗೆ ಹಸಿ, ಇದನ್ನು ನಾನೇ ಎಲ್ಲರಿಗೂ ಹೇಳಿಕೊಡುವುದು. ಎರಡು ಗೆಣ್ಣು ಇಳಿಯುವಷ್ಟರಲ್ಲಿ ತಣ್ಣಗಾಯಿತು. ಹಿಡಿದು ಒತ್ತಿದೆ, ಮಣ್ಣು ಉಂಡೆಯಾಯಿತು. ಟೀಚರ್ ನನ್ನನ್ನೇ ನೋಡುತ್ತಿದ್ದರು.

"ಏನ್ ಸಾರ್, ಹತ್ತಬಹುದಾ? ಇಲ್ಲ ಇವತ್ತೂ ಬೇಡಾನಾ?"

"ಹತ್ತಿ," ಎಂದೆ. ಗುಂಡಿಯನ್ನು ಕಾಲಿನಿಂದ ಮುಚ್ಚಿದೆ.

ಯಾಕೆಂದು ಎಷ್ಟು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಮರುದಿನ ಅವರೆಲ್ಲ ಹೊರಡುವವರಿದ್ದರು. ಯಜಮಾನರು, ಇವತ್ತೂ ವಾಪಸು ಕರೆದುಕೊಂಡು ಬಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಎಲ್ಲ ನಿಜವೇ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಸಾಕಾಗಿತ್ತು ಅಕ್ಕಾ. ಬೇಡ ಎನ್ನುವುದಕ್ಕೂ ತ್ರಾಣ ಬೇಕು. ದಿನಾ ಬೆಳಿಗ್ಗೆ ಎದ್ದು ಆಸೆಯಿಂದ ನಿಂತವರ ಮುಖ ನೋಡಿ ಬೇಡ ಎಂದು ಹೇಳಿ ಹೇಳಿ ಆ ತ್ರಾಣ ಅವತ್ತು ಖಾಲಿಯಾಗಿತ್ತು. ಜೇಬಿನಲ್ಲಿ ನಿನ್ನ ಸೊನ್ನೆ ಇತ್ತು. ಏನಾದರೂ ಆದರೆ ತೋರಿಸಬಹುದು ಎಂದು ಆಗಲೇ ಒಂದು ಗಳಿಗೆ ಅನ್ನಿಸಿತು. ಇದು ನಿನಗೆ ತಿಳಿದಿರಲಿ. ನೀನು ಹನ್ನೊಂದು ಎಂದಿದ್ದರೆ ನಾನು ಶಿಬಿರ ಬಿಡುತ್ತಲೇ ಇರಲಿಲ್ಲ, ಅದೂ ನಿಜ. ಆದರೆ ಬುಡದಲ್ಲಿ ನಿಂತು ಹತ್ತಿ ಎಂದವನು ನಾನು.

ಅವರು ಎಡಕ್ಕೆ ಸರಿಯಲಿಲ್ಲ. ನಾನು ತೋರಿಸಿದ ಕಲ್ಲನ್ನೇ ಹಿಡಿದರು. ಹಗ್ಗ ನನ್ನ ಕೈಯಲ್ಲೇ ಇತ್ತು. ಬಿಸ್ಕತ್ತು ಮುರಿದಷ್ಟೇ ಸದ್ದು. ಅವರನ್ನು ಕೆಳಗಿಳಿಸಿದ ಮೇಲೆ ಆ ಕಲ್ಲನ್ನು ಹುಡುಕಿ ನೋಡಿದೆ. ಮುರಿದ ಮಗ್ಗುಲು ಕಪ್ಪಗೆ ಒದ್ದೆಯಾಗಿತ್ತು. ಪೊದೆಗೆ ಎಸೆದೆ. ಸಂಜೆ ಯಜಮಾನರು, "ಎಡಕ್ಕೆ ಹೋದ್ರು ಅಂತ ಬರೀತೀನಿ, ಸಹಿ ಹಾಕು. ಶಿಬಿರ ಮುಚ್ಚಿಹೋದ್ರೆ ನಿಂಗೂ ಕಷ್ಟ, ನಂಗೂ ಕಷ್ಟ," ಎಂದರು. ಓದದೆ ಹಾಕಿದೆ ಎಂದು ಹೇಳಲು ಆಸೆ. ಓದಿಯೇ ಹಾಕಿದೆ. ಉಳಿದ ನಾಲ್ವರು ದೂರದಲ್ಲಿದ್ದರು, ನಾನು ಹೇಳಿದ್ದೇ ಸರಿಯಿರಬೇಕೆಂದು ಅವರೂ ಹಾಕಿದರು.

ನಿನ್ನ ಮಾರ್ಚಿನ ಮೊದಲ ಕಾಗದ ಬಂದಾಗ ನನಗೆ ಮೊದಲು ಆದದ್ದು ನೆಮ್ಮದಿ. ತಪ್ಪು ಬೆಟ್ಟ ದಾಟಿ ನಿನ್ನ ಹತ್ತಿರ ಹೋಯಿತು ಎಂಬ ನೆಮ್ಮದಿ. ಎರಡನೆಯದರಲ್ಲಿ ನೀನು ನನ್ನ ಕಣ್ಣನ್ನು ನಂಬುತ್ತೇನೆ ಎಂದು ಬರೆದಿದ್ದೆ. ಬೈದಿದ್ದರೆ ಇನ್ನೂ ಕೆಲವು ದಿನ ತಡೆದುಕೊಳ್ಳುತ್ತಿದ್ದೆನೇನೋ.

ಮೂರನೇ ತಾರೀಕು ಸಂಘದ ಕಚೇರಿಗೆ ಹೋಗಿ ಎಲ್ಲ ಬರೆದುಕೊಟ್ಟೆ. ಕಲಿಸುವ ಪರವಾನಗಿ ಅಲ್ಲೇ ತೆಗೆದುಕೊಂಡರು. ಐದನೇ ತಾರೀಕು ನಿಮ್ಮ ಊರಿಗೆ ಬಂದೆ. ಟೀಚರ್ ಈಗ ಮನೆಯಲ್ಲಿದ್ದಾರೆ, ನಾಲ್ಕು ಕಾಲಿನ ಊರುಗೋಲು ಹಿಡಿದು ಕೋಣೆಯೊಳಗೆ ನಡೆಯುತ್ತಾರೆ. ನಾನು ನಿಂತುಕೊಂಡೇ ಹೇಳಿದೆ. ಮಣ್ಣು, ಕಲ್ಲು, ಸಹಿ.

"ಹಾಗಾದ್ರೆ ನಾನು ಹಿಡಿದದ್ದು ಸರಿಯಾಗಿತ್ತಾ?" ಎಂದರು.

"ಸರಿಯಾಗಿತ್ತು."

"ಎಡಕ್ಕೆ ಹೋಗಿರಲಿಲ್ಲ?"

"ಇಲ್ಲ ಟೀಚರ್. ಒಂದು ಗೇಣೂ ಹೋಗಿರಲಿಲ್ಲ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಗಂಡನನ್ನು ಕರೆದರು. "ರೀ, ನಲ್ಲಿ ನಿಲ್ಲಿಸಿ ಇಲ್ಲಿ ಬನ್ನಿ." ಅವರು ಕೈ ಒರೆಸಿಕೊಳ್ಳುತ್ತಾ ಬಂದರು. ಟೀಚರ್ ನನ್ನ ಕಡೆ ತಿರುಗಿ, "ಇನ್ನೊಂದ್ ಸಲ ಹೇಳಿ. ಇವರ ಮುಂದೆ ಹೇಳಿ," ಎಂದರು. ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ, "ನೀವು ಇನ್ನು ಹೊರಡಿ. ಮತ್ತೆ ಬರಬೇಡಿ," ಎಂದರು.

ಅಲ್ಲಿಂದ ನಿನ್ನ ಹೊಸ ವಿಳಾಸ ಹುಡುಕಿಕೊಂಡು ಹೊರಟೆ. ಬೀದಿಯ ತುದಿಯವರೆಗೆ ಬಂದೆ. ನೀನು ಮಹಡಿಯ ಕಟಕಟೆಗೆ ಒದ್ದೆ ಬಟ್ಟೆ ಹರವುತ್ತಿದ್ದೆ. ಬಹಳ ಇಳಿದುಹೋಗಿದ್ದೀ. ಕೂಗಲಿಲ್ಲ. ತಿರುಗಿ ಬಸ್ಸು ಹತ್ತಿದೆ.

ಶಿಬಿರ ಬಿಟ್ಟಿದ್ದೇನೆ. ಕೆಳಗಿನ ಪೇಟೆಯಲ್ಲಿ ಹಗ್ಗದ ಅಂಗಡಿಯವರು ಸಣ್ಣಪುಟ್ಟ ಕೆಲಸ ಕೊಟ್ಟಿದ್ದಾರೆ.

ಹಲ್ಲಿ

ಏಪ್ರಿಲ್ 19

ಹಲ್ಲೀ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಓದಿ ಮಡಚಿಟ್ಟು ಮತ್ತೆ ಓದಿ ದಣಿದಿದ್ದೇನೆ.

ನಿನ್ನ ಸಮಾಧಾನಕ್ಕೆಂದು ಏನನ್ನೂ ಬರೆಯುವುದಿಲ್ಲ. ನಾನು ಎಲ್ಲ ಬಿಚ್ಚಿ ಬರೆದ ಮೇಲೂ ನಾಲ್ಕು ವಾರ ನೀನು ಬಾಯಿ ಬಿಡಲಿಲ್ಲ. ಆ ನಾಲ್ಕು ವಾರ ಆ ಕಲ್ಲು ನನ್ನ ಎದೆಯ ಮೇಲಿತ್ತು, ಮತ್ತು ನಿನಗೆ ಅದು ಗೊತ್ತಿತ್ತು. ಹಾಗೆಂದು ನನ್ನ ಸೊನ್ನೆ ನಿನ್ನ ಮೇಲೆ ಹಾಕಿ ಕೈ ತೊಳೆದುಕೊಳ್ಳುವವಳಲ್ಲ ನಾನು. ಅದು ನನ್ನದೇ. ನೀನು ಮಣ್ಣಿನಲ್ಲಿ ಬೆರಳಿಟ್ಟು ನೋಡಿದೆ ಎಂಬುದರಿಂದ ನಾನು ಎಪ್ಪತ್ತು ಹೆಜ್ಜೆ ನಡೆದ ಹಾಗಾಗುವುದಿಲ್ಲ.

ಮೊನ್ನೆ ಟೀಚರ ಗಂಡ ಪೇಟೆಯಲ್ಲಿ ಸಿಕ್ಕಿದ್ದರು. ಸಂಘದವರು ತೀರ್ಮಾನ ತಿದ್ದಿ ಹೊಸ ಕಾಗದ ಕಳಿಸಿದ್ದಾರಂತೆ. ಟೀಚರ್ ಅದನ್ನು ಗೋಡೆಗೆ ಅಂಟಿಸಿದ್ದಾರಂತೆ. ಕುಂಟು ಹಾಗೇ ಉಳಿಯುತ್ತದಂತೆ.

ಕೇಂದ್ರಕ್ಕೆ ಹೊಸಬರು ಬಂದಿದ್ದಾರೆ, ಒಬ್ಬರಲ್ಲ, ಇಬ್ಬರು. ಕೇಳಿ ಒಬ್ಬಳೇ ಕೂತು ನಕ್ಕೆ. ನನ್ನ ವಿಷಯ ಜೂನಿನಲ್ಲಿ ತೀರ್ಮಾನವಾಗುತ್ತದಂತೆ.

ಉಳಿದದ್ದನ್ನೆಲ್ಲ ನಿಧಾನವಾಗಿ ಹೊಟ್ಟೆಗೆ ಹಾಕಿಕೊಂಡೇನು. ಬೀದಿಯ ತುದಿಯವರೆಗೆ ಬಂದು ತಿರುಗಿ ಹೋದೆಯಲ್ಲ, ಅದೊಂದು ಗಂಟಲಲ್ಲೇ ನಿಂತಿದೆ. ಮೇ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಬಾ. ಬಾಗಿಲು ತೆಗೆದ ಕೂಡಲೇ ಏನಾದರೂ ಅಂದೇ ಅನ್ನುತ್ತೇನೆ. ಅನ್ನಿಸಿಕೊಂಡು ಒಳಗೆ ಬಾ.

ಅಕ್ಕ